ಐಪಿಟಿ ಕಲಿಕೆ: ಮೊದಲ ಕೇಸಿನ 16 ವಾರ

ಇಂಟರ್‌ಪರ್ಸನಲ್ ಸೈಕೋಥೆರಪಿ (ಐಪಿಟಿ) ಎಂಬ, ಸಂಬಂಧಗಳ ಮೇಲೆ ಗಮನವಿಟ್ಟು ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಯ ಕೈಪಿಡಿಯನ್ನು ಮೊದಲ ಸಲ ಓದಿದ ಮನೋವೈದ್ಯರಾಗಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಇದರಲ್ಲಿ ಹೊಸದೇನಿದೆ? ಒಪಿಡಿಯಲ್ಲಿ ದಿನಾ ಮಾಡೋದು ಇದನ್ನೇ ಅಲ್ವಾ?” ಖಿನ್ನತೆಯಿಂದ ಬಂದವರ ಹತ್ತಿರ ಮನೆಯ ವಿಷಯ ಕೇಳುತ್ತೇವೆ, ಗಂಡ ಹೆಂಡತಿ ಜಗಳ ಕೇಳುತ್ತೇವೆ, ಇತ್ತೀಚೆಗೆ ಯಾರಾದರೂ ತೀರಿಕೊಂಡರಾ ಎಂದೂ ಕೇಳುತ್ತೇವೆ. ಮೊದಲ ಸೆಷನ್ನಿನ ರೆಕಾರ್ಡಿಂಗನ್ನು ಸೂಪರ್‌ವೈಸರ್ ಜೊತೆ ಕೂತು ಕೇಳುವ ತನಕ ಈ ಧೈರ್ಯ ಉಳಿಯುತ್ತದೆ. ಕೇಳಿದ್ದೇನೋ ನಿಜ. ಆದರೆ ಯಾವುದು ಯಾವ ತಿಂಗಳಲ್ಲಿ ನಡೆಯಿತೆಂದು ಗೊತ್ತುಮಾಡಿಕೊಂಡಿಲ್ಲ, ಘಟನೆಗೂ ಮನಸ್ಸು ಕುಗ್ಗಿದ್ದಕ್ಕೂ ಗಂಟು ಹಾಕಿಲ್ಲ, 50 ನಿಮಿಷದಲ್ಲಿ ಹತ್ತು ವಿಷಯ ಮುಟ್ಟಿ ಒಂದನ್ನೂ ಹಿಡಿದಿಲ್ಲ. ಐಪಿಟಿಯ ತಂತ್ರಗಳು ಮಾಮೂಲಿಯೇ. ಅವನ್ನು ಒಂದೇ ವಿಷಯದ ಮೇಲೆ, ಗೊತ್ತಾದ ಗಡುವಿನೊಳಗೆ, ವಾರದಿಂದ ವಾರಕ್ಕೆ ಕೈಬಿಡದೆ ನಡೆಸುವುದು ಮಾಮೂಲಿಯಲ್ಲ. ಕಲಿಯಬೇಕಾದ್ದು ಅದನ್ನೇ.

ಈ ಗಡುವು ಆಮೇಲೆ ಸೇರಿಸಿದ ನಿಯಮವಲ್ಲ. 1969ರ ಸುಮಾರಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಕ್ಲರ್ಮನ್ ಮತ್ತು ಸಂಗಡಿಗರು ಅಮಿಟ್ರಿಪ್ಟಿಲಿನ್ ಮಾತ್ರೆ ಖಿನ್ನತೆ ಮರುಕಳಿಸದಂತೆ ತಡೆಯುತ್ತದೆಯೇ ಎಂದು ಪರೀಕ್ಷಿಸಲು ಹೊರಟರು. ಆಗ ರೋಗಿಗಳಿಗೆ ಮಾತಿನ ಚಿಕಿತ್ಸೆಯೂ ಸಿಗುತ್ತಿದ್ದುದರಿಂದ ಪ್ರಯೋಗದಲ್ಲಿ ಅದಕ್ಕೂ ಒಂದು ಜಾಗ ಬೇಕಾಯಿತು. ಎಲ್ಲ ಚಿಕಿತ್ಸಕರೂ ಒಂದೇ ರೀತಿ ನಡೆಸುವಂತೆ ಅದನ್ನು ಬರೆದಿಡುವ ಕೆಲಸದಲ್ಲಿ ಮೈರ್ನಾ ವೈಸ್‌ಮನ್ ಜೊತೆಯಾದರು. ಆರಂಭದಲ್ಲಿ ಅದರ ಹೆಸರು ಬರೀ ‘ಹೈ ಕಾಂಟ್ಯಾಕ್ಟ್’. ಕೈಪಿಡಿ ಪುಸ್ತಕವಾಗಿ ಬಂದದ್ದು 1984ರಲ್ಲಿ. 1989ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ದೊಡ್ಡ ಪ್ರಯೋಗದಲ್ಲಿ 250 ರೋಗಿಗಳನ್ನು ಐಪಿಟಿ, ಸಿಬಿಟಿ (ಯೋಚನೆ ಮತ್ತು ನಡವಳಿಕೆ ಬದಲಿಸುವ ಚಿಕಿತ್ಸೆ), ಇಮಿಪ್ರಮಿನ್ ಮಾತ್ರೆ ಮತ್ತು ಹುಸಿಮಾತ್ರೆ ಎಂದು ನಾಲ್ಕು ಗುಂಪು ಮಾಡಿ 16 ವಾರ ನೋಡಿದರು. ಹೀಗೆ ಪ್ರಯೋಗದೊಳಗೇ ಹುಟ್ಟಿದ್ದರಿಂದ ಈ ಪದ್ಧತಿಯಲ್ಲಿ ಎಷ್ಟನೇ ವಾರ ಏನು ನಡೆಯಬೇಕು ಎಂಬುದು ಸ್ಪಷ್ಟವಾಗಿದೆ. ಕಲಿಯುವವರಿಗೆ ಇದು ಅನುಕೂಲ. ತಪ್ಪಿದಾಗ ಎಲ್ಲಿ ತಪ್ಪಿತು ಎಂದು ತೋರಿಸಲೂ ಬರುತ್ತದೆ.

ತರಬೇತಿ ಎಂದರೆ ಕೆಲವು ದಿನಗಳ ತರಗತಿ, ಆಮೇಲೆ ಸೂಪರ್‌ವಿಷನ್ನಿನಲ್ಲಿ ನಡೆಸುವ ಪೂರ್ತಿ ಕೇಸ್‌ಗಳು. ತರಗತಿಯಿಂದ ಬರುವುದು ಶಬ್ದಕೋಶ ಮಾತ್ರ. ಕೇಸ್ ನಡೆಸದೆ ಸರ್ಟಿಫಿಕೇಟನ್ನು ಗೋಡೆಗೆ ಹಾಕಿಕೊಂಡವರೂ ಇದ್ದಾರೆ. ಅವರು ಮಾಡುವುದನ್ನು ಐಪಿಟಿ ಅನ್ನಲಾಗದು. ಒಂದು ಕೇಸನ್ನು ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ, ಪ್ರತಿ ಸೆಷನ್ನನ್ನೂ ಬೇರೊಬ್ಬರ ಮುಂದೆ ಇಟ್ಟಾಗಲೇ ಕಲಿಕೆ ಶುರು.

ಮೊದಲ ಕೇಸನ್ನು ಆರಿಸುವಾಗ ಸ್ವಲ್ಪ ಸ್ವಾರ್ಥಿಯಾಗಿರಬೇಕು. ಮಧ್ಯಮ ತೀವ್ರತೆಯ ಖಿನ್ನತೆ, ಭ್ರಮೆಗಳಿಲ್ಲ, ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬರುವ ಕಾಯಿಲೆ) ಅಲ್ಲ, ಕುಡಿತದ ಚಟ ಇಲ್ಲ, ಆತ್ಮಹತ್ಯೆಯ ತಕ್ಷಣದ ಅಪಾಯ ಇಲ್ಲ, ಕಳೆದ ಒಂದು ವರ್ಷದೊಳಗೆ ಯಾವುದೋ ಗುರುತಿಸಬಹುದಾದ ಘಟನೆಯ ಸುತ್ತ ಶುರುವಾದದ್ದು. ಇಷ್ಟು ಸಿಕ್ಕರೆ ಸಾಕು. ಇಪ್ಪತ್ತು ವರ್ಷದ ಹಳೆಯ ಕೊರಗು, ವ್ಯಕ್ತಿತ್ವದ ತೊಡಕು, ಇವನ್ನು ನಾಲ್ಕನೆಯ ಕೇಸಿಗೆ ಇಟ್ಟುಕೊಳ್ಳಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ ನೋಡಿ. ಹಿಮೋಗ್ಲೋಬಿನ್ 7 ಇರುವ ಬಾಣಂತಿಯ ಸುಸ್ತನ್ನು ಪಾತ್ರ ಬದಲಾವಣೆ (ಬದುಕಿನ ಹೊಸ ಪಾತ್ರಕ್ಕೆ ಹೊಂದಿಕೊಳ್ಳುವ ತೊಡಕು) ಎಂದು ಕೂತು ಬಗೆಹರಿಸಲಾಗದು. ಇನ್ನೊಂದು, ತರಗತಿಯಲ್ಲಿ ಯಾರೂ ಹೇಳಿಕೊಡದ್ದು: ಆ ವ್ಯಕ್ತಿ 12ರಿಂದ 16 ವಾರ ಬರಬಲ್ಲರೇ? ಬಸ್ ಎಷ್ಟು ಹೊತ್ತಿಗೆ, ದಿನಗೂಲಿ ಕೈತಪ್ಪುತ್ತದೆಯೇ, ಸುಗ್ಗಿ ಯಾವಾಗ, ಮಕ್ಕಳ ಪರೀಕ್ಷೆ ಯಾವಾಗ, ತವರಿಗೆ ಹೋಗುವ ಹಬ್ಬ ಯಾವುದು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೇಳದೆ ಶುರುಮಾಡಿದ ಕೇಸ್‌ಗಳು ಆರನೇ ಸೆಷನ್ನಿನ ಆಸುಪಾಸಿನಲ್ಲಿ ನಿಂತುಹೋಗುತ್ತವೆ.

ರೆಕಾರ್ಡಿಂಗ್‌ಗೆ ಒಪ್ಪಿಗೆ ಬರಹದಲ್ಲಿರಬೇಕು: ಯಾರು ಕೇಳುತ್ತಾರೆ, ಎಲ್ಲಿ ಇಡುತ್ತೇವೆ, ಯಾವಾಗ ಅಳಿಸುತ್ತೇವೆ, ಒಪ್ಪಿಗೆ ಹಿಂದಕ್ಕೆ ಪಡೆದರೆ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬುದೂ ಸೇರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಸೂಪರ್‌ವೈಸರ್‌ಗೆ ಕಳಿಸುವ ಅಭ್ಯಾಸ ಎಷ್ಟೇ ಸಲೀಸಾದರೂ ಬೇಡ. ಪ್ರತ್ಯೇಕ ರೆಕಾರ್ಡರ್, ಪಾಸ್‌ವರ್ಡ್ ಇರುವ ಫೋಲ್ಡರ್. ಹೆಚ್ಚಿನ ರೋಗಿಗಳು ಎರಡು ನಿಮಿಷದಲ್ಲಿ ರೆಕಾರ್ಡರ್ ಮರೆಯುತ್ತಾರೆ. ಮರೆಯದವರು ಚಿಕಿತ್ಸಕರು.

ಮೊದಲ ಸೆಷನ್ನಿನಲ್ಲಿ ಲಕ್ಷಣಗಳನ್ನು ಅಳೆಯಬೇಕು. ಖಿನ್ನತೆ ಅಳೆಯುವ ಹ್ಯಾಮಿಲ್ಟನ್ ಮಾಪನ ಬರುವವರು ಅದನ್ನು ಬಳಸಲಿ. ಬಾರದವರಿಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಸಾಕು. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. 10ರಿಂದ 14 ಮಧ್ಯಮ, 15 ಮುಟ್ಟಿದರೆ ತೀವ್ರತೆಯ ಕಡೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಮಿಕ್ಕದ್ದನ್ನು ಬದಿಗಿಟ್ಟು ಅದನ್ನೇ ವಿಚಾರಿಸಬೇಕು. ಅಳತೆ ಆದಮೇಲೆ ರೋಗದ ಹೆಸರು ಹೇಳಬೇಕು. ಕಲಿಯುವವರು ಇಲ್ಲಿ ಮೆತ್ತಗಾಗಿ, “ಸ್ವಲ್ಪ ಟೆನ್ಷನ್ ಇದೆ ಅಷ್ಟೆ” ಅನ್ನುತ್ತಾರೆ. ಐಪಿಟಿಯಲ್ಲಿ ಅದಕ್ಕೆ ಜಾಗವಿಲ್ಲ. “ನಿಮಗಿರೋದು ಖಿನ್ನತೆ ಅನ್ನೋ ಕಾಯಿಲೆ. ಇದು ಸೋಮಾರಿತನ ಅಲ್ಲ, ನಿಮ್ಮ ಸ್ವಭಾವವೂ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ಇದರಿಂದ ಜನ ಹೊರಗೆ ಬರ್ತಾರೆ.” ಇಷ್ಟನ್ನು ಇಷ್ಟೇ ನೇರವಾಗಿ ಹೇಳಬೇಕು.

ರೋಗಿಯ ಪಾತ್ರವನ್ನು ಒಪ್ಪಿಸುವುದು ಎನ್ನುವ ಹೆಜ್ಜೆ ಇದೇ. ಜ್ವರ ಬಂದವರಿಗೆ ಸಿಗುವ ರಿಯಾಯಿತಿ ಖಿನ್ನತೆ ಬಂದವರಿಗೂ ಸ್ವಲ್ಪ ಕಾಲ ಸಿಗಬೇಕು; ಬದಲಿಗೆ ಅವರು ಚಿಕಿತ್ಸೆಗೆ ಬಂದು ಗುಣವಾಗಲು ದುಡಿಯಬೇಕು. ಪುಸ್ತಕದಲ್ಲಿ ಇದು ರೋಗಿಗೂ ಚಿಕಿತ್ಸಕರಿಗೂ ನಡುವಿನ ಮಾತು. ನಮ್ಮಲ್ಲಿ ಮನೆಯವರೂ ಒಪ್ಪದಿದ್ದರೆ ನಡೆಯುವುದಿಲ್ಲ. ಬೆಳಿಗ್ಗೆ ಐದಕ್ಕೆದ್ದು ಎಂಟು ಜನಕ್ಕೆ ರೊಟ್ಟಿ ಬಡಿಯುವ ಸೊಸೆಗೆ “ಕೆಲಸ ಕಡಿಮೆ ಮಾಡಿಕೊಳ್ಳಿ” ಎಂದರೆ ನಾವು ಅವಳಿಗೆ ಬೈಗುಳ ಕೊಡಿಸಿದ ಹಾಗೆ. ಆದ್ದರಿಂದ ರೋಗಿಯ ಅನುಮತಿ ಪಡೆದು, ಮೊದಲ ಅಥವಾ ಎರಡನೆಯ ಸೆಷನ್ನಿನ ಕೊನೆಯ ಹತ್ತು ನಿಮಿಷಕ್ಕೆ ಗಂಡನನ್ನೋ ಅತ್ತೆಯನ್ನೋ ಒಳಗೆ ಕರೆದು, ಕಾಯಿಲೆಯ ಬಗ್ಗೆ ಮಾತ್ರ ಹೇಳಿ, ಎರಡು ನಿರ್ದಿಷ್ಟ ಕೆಲಸಗಳನ್ನು ಕೆಲವು ವಾರ ಬೇರೆಯವರು ವಹಿಸಿಕೊಳ್ಳಬಹುದೇ ಎಂದು ಕೇಳುವುದು ಒಳ್ಳೆಯದು. “ರೆಸ್ಟ್ ಕೊಡಿ” ಅಂದರೆ ಯಾರೂ ಕೊಡುವುದಿಲ್ಲ. “ಬೆಳಗಿನ ತಿಂಡಿ ಕೆಲಸ ಯಾರು ನೋಡ್ಕೋಬಹುದು?” ಅಂದರೆ ಉತ್ತರ ಬರುತ್ತದೆ.

ಕಾಲರೇಖೆಗೆ ಒಂದು ಎ4 ಹಾಳೆ ಸಾಕು. ಉದ್ದಕ್ಕೆ ಗೆರೆ, ಮೇಲೆ ಲಕ್ಷಣ, ಕೆಳಗೆ ಘಟನೆ. ತಿಂಗಳ ಹೆಸರು ಕೇಳಿದರೆ ಹಲವರು ತಡಕಾಡುತ್ತಾರೆ. ಯುಗಾದಿಗೆ ಮುಂಚೆಯೋ ಆಮೇಲೋ, ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ನಿದ್ದೆ ಬರುತ್ತಿತ್ತೇ, ಮಗನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಹೇಗಿದ್ದಿರಿ ಎಂದು ಕೇಳಿದರೆ ಹದಿನೈದು ದಿನದ ನಿಖರತೆಗೆ ಬಂದು ನಿಲ್ಲುತ್ತಾರೆ. ಹಾಳೆಯನ್ನು ರೋಗಿಯ ಕಡೆ ತಿರುಗಿಸಿ, ಅವರ ಕೈಯಲ್ಲೇ ಬರೆಸಿ. ನಿದ್ದೆ ಕೆಟ್ಟ ಗುರುತಿನ ನೇರ ಕೆಳಗೆ ಮಗಳ ಮದುವೆಯೋ ವರ್ಗಾವಣೆಯೋ ಬಂದು ಕೂತಾಗ ನಾವು ವಿವರಿಸುವುದೇನೂ ಉಳಿಯುವುದಿಲ್ಲ.

ಎರಡನೆಯ ಸೆಷನ್ ಸಂಬಂಧಗಳ ಪಟ್ಟಿಗೆ. ನಡುವೆ ರೋಗಿ, ಸುತ್ತ ಮೂರು ವೃತ್ತ, ಹತ್ತಿರದವರು ಒಳವೃತ್ತದಲ್ಲಿ. ಪ್ರತಿಯೊಬ್ಬರ ಬಗ್ಗೆ ಕೇಳಬೇಕಾದ್ದು ಬಹುತೇಕ ಗೊತ್ತಾದದ್ದೇ: ಎಷ್ಟು ದಿನಕ್ಕೊಮ್ಮೆ ಮಾತು, ಏನು ಹಿತ, ಏನು ಕಷ್ಟ, ಅವರಿಂದ ನೀವು ಏನು ಬಯಸುತ್ತೀರಿ, ನಿಮ್ಮಿಂದ ಅವರು ಏನು ಬಯಸುತ್ತಾರೆ, ಖಿನ್ನತೆ ಬಂದಮೇಲೆ ಏನಾದರೂ ಬದಲಾಯಿತೇ. ಕೂಡುಕುಟುಂಬದಲ್ಲಿ ಹದಿನಾಲ್ಕು ಜನ ಇರುತ್ತಾರೆ, ಎಲ್ಲರ ಬಗ್ಗೆಯೂ ಸಮಾನವಾಗಿ ಕೇಳುತ್ತಾ ಹೋದರೆ ನಾಲ್ಕನೆಯ ವಾರವೂ ಪಟ್ಟಿಯಲ್ಲೇ ಕಳೆಯುತ್ತದೆ. ಎಲ್ಲರ ಹೆಸರು ಬರೆದುಕೊಂಡು, ಆರೇಳು ಜನರನ್ನು ಮಾತ್ರ ವಿವರವಾಗಿ ಕೇಳಿ. ಯಾರನ್ನು? ಕಾಲರೇಖೆ ಹೇಳುತ್ತದೆ. ಹೆಸರು ಹೇಳುವಾಗ ದನಿ ಬದಲಾದವರು, ಎಲ್ಲ ಮುಗಿದಮೇಲೆ ನೆನಪಾದವರು, ಇರಬೇಕಾಗಿದ್ದೂ ವೃತ್ತದಲ್ಲಿ ಇಲ್ಲದವರು. ತೀರಿಕೊಂಡವರನ್ನೂ ಮಾತು ಬಿಟ್ಟವರನ್ನೂ ಕೇಳದೆ ಪಟ್ಟಿ ಮುಗಿಯುವುದಿಲ್ಲ.

“ನಿಮ್ಮ ತಂದೆಯಲ್ಲಿ ಏನು ಇಷ್ಟವಾಗಲ್ಲ?” ಅಂದರೆ ಅನೇಕರು ಬಾಯಿ ಮುಚ್ಚುತ್ತಾರೆ. “ಅವರ ಜೊತೆ ಯಾವ ವಿಷಯದಲ್ಲಿ ಕಷ್ಟ ಆಗುತ್ತೆ?” ಅಂದರೆ ಹೇಳುತ್ತಾರೆ. ಜೊತೆಗೆ ಬಂದ ಅತ್ತೆಯೋ ಅಣ್ಣನೋ ಕೋಣೆಯಲ್ಲೇ ಕೂತಿದ್ದರೆ ಪಟ್ಟಿಯನ್ನು ತೆಗೆಯಲೇಬೇಡಿ. “ಇವತ್ತು ಅವರ ಆರೋಗ್ಯದ ಪ್ರಶ್ನೆಗಳಿವೆ, ಒಬ್ಬರನ್ನೇ ಕೇಳ್ಬೇಕು, ಮುಕ್ಕಾಲು ಗಂಟೆ ಹೊರಗೆ ಕೂತಿರ್ತೀರಾ ಅಮ್ಮಾ?” ಎಂದು ಕೇಳುವುದಕ್ಕೆ ಯಾವ ತಂತ್ರವೂ ಬೇಡ, ಕೊಂಚ ಗಟ್ಟಿತನ ಸಾಕು.

ಮೂರನೆಯ ಸೆಷನ್ನಿನ ಕೊನೆಗೆ ಸೂತ್ರೀಕರಣ ಹೇಳಬೇಕು, ಅಂದರೆ ಖಿನ್ನತೆಗೂ ಬದುಕಿನ ಘಟನೆಗೂ ಇರುವ ನಂಟನ್ನು ರೋಗಿಯ ಮುಂದೆ ಇಡಬೇಕು. ನನ್ನ ಮಟ್ಟಿಗೆ ಇಡೀ ಕಲಿಕೆಯಲ್ಲಿ ಅತಿ ಕಠಿಣವಾದ ಎರಡು ನಿಮಿಷ ಇವು. ನಾಲ್ಕು ವಲಯಗಳಲ್ಲಿ ಒಂದನ್ನು ಆರಿಸಬೇಕು: ಸಾವಿನ ದುಃಖ, ಸಂಬಂಧದಲ್ಲಿನ ತಕರಾರು, ಪಾತ್ರ ಬದಲಾವಣೆ, ಸಂಬಂಧಗಳ ಕೊರತೆ. ಹೆಚ್ಚೆಂದರೆ ಎರಡು. ಕಲಿಯುವವರ ಕರಡಿನಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ, ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ. ಗಂಡ ಹೆಂಡತಿ ತಕರಾರು ಇದ್ದೇ ಇದೆ, ತಾಯಿ ಐದು ವರ್ಷದ ಹಿಂದೆ ಹೋದದ್ದೂ ಇದೆ, ಊರು ಬದಲಾಯಿಸಿದ್ದೂ ಇದೆ. ಕಾಲರೇಖೆಯಲ್ಲಿ ಲಕ್ಷಣಗಳಿಗೆ ಅತಿ ಹತ್ತಿರ ಯಾವುದಿದೆ ಮತ್ತು ಈ 12 ವಾರದಲ್ಲಿ ಯಾವುದರಲ್ಲಿ ಏನಾದರೂ ಬದಲಾಗುವ ಸಾಧ್ಯತೆಯಿದೆ, ಈ ಎರಡು ಪ್ರಶ್ನೆಯಲ್ಲಿ ಆಯ್ಕೆ ತೀರ್ಮಾನವಾಗಬೇಕು. ಚಿಕಿತ್ಸಕರಿಗೆ ಯಾವುದು ಕುತೂಹಲಕಾರಿ ಎಂಬುದರಲ್ಲಲ್ಲ. ಕೊರತೆಯ ವಲಯವನ್ನು ಬೇರೆ ಮೂರೂ ಇಲ್ಲದಾಗ ಮಾತ್ರ ಹಿಡಿಯುವುದು. ಅದರಲ್ಲಿ ಫಲವೂ ನಿಧಾನ.

ಹಲವು ಕೇಸ್‌ಗಳನ್ನು ಬೆರೆಸಿ ಹೆಣೆದ ಒಂದು ಮಾದರಿ ಹೀಗಿರುತ್ತದೆ: “ಇಲ್ಲೀವರೆಗೆ ನೀವು ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ದಸರಾ ಆದಮೇಲೆ ನಿದ್ದೆ ಕೆಟ್ಟಿದ್ದು, ಊಟ ಸೇರದೇ ಹೋಗಿದ್ದು, ಯಾವುದರಲ್ಲೂ ಮನಸ್ಸಿಲ್ಲದ್ದು, ಎಲ್ಲ ಖಿನ್ನತೆಯ ಲಕ್ಷಣ. ಅದೇ ಹೊತ್ತಿಗೆ ನಿಮ್ಮ ಯಜಮಾನ್ರು ನಿಮ್ಮನ್ನ ಒಂದು ಮಾತೂ ಕೇಳದೆ ತಮ್ಮನ ಸಾಲಕ್ಕೆ ಜಾಮೀನು ನಿಂತ್ರು. ಆಗಿಂದ ನಿಮ್ಮಿಬ್ಬರ ನಡುವೆ ದುಡ್ಡಿನ ಮಾತೇ ನಿಂತುಹೋಗಿದೆ. ಮಾತು ನಿಂತಷ್ಟೂ ಮನಸ್ಸು ಕುಗ್ತಾ ಬಂತು, ಮನಸ್ಸು ಕುಗ್ಗಿದಷ್ಟೂ ಮಾತಾಡೋದು ಕಷ್ಟ ಆಯ್ತು. ಇನ್ನು 12 ವಾರ ಇದೊಂದನ್ನೇ ಹಿಡ್ಕೊಂಡು ಕೆಲಸ ಮಾಡೋಣ ಅಂತ ನನ್ನ ಅನಿಸಿಕೆ. ನಿಮಗೆ ಹೇಗನ್ಸುತ್ತೆ?” ಇದರಲ್ಲಿ ಪುಸ್ತಕದ ಪದ ‘ಖಿನ್ನತೆ’, ‘ಲಕ್ಷಣ’ ಬಿಟ್ಟರೆ ಇನ್ನೊಂದಿಲ್ಲ. “ನೀವು ಹೇಳಿದ್ ಮೇಲೆ ಸರೀನೇ ಇರುತ್ತೆ ಡಾಕ್ಟ್ರೇ” ಎಂಬ ಉತ್ತರ ಬಂದರೆ ಒಪ್ಪಿಗೆ ಸಿಕ್ಕಿತೆಂದುಕೊಳ್ಳಬಾರದು. “ಇದರಲ್ಲಿ ಯಾವ ಮಾತು ನಿಮಗೆ ಸರಿ ಕಾಣಲಿಲ್ಲ?” ಎಂದು ಮತ್ತೊಮ್ಮೆ ಕೇಳಿದರೆ ಅರ್ಧದಷ್ಟು ಸಲ ಒಂದು ಮುಖ್ಯ ತಿದ್ದುಪಡಿ ಬರುತ್ತದೆ. ಅದೇ ದಿನ ಕೊನೆಯ ಸೆಷನ್ನಿನ ತಾರೀಕನ್ನೂ ಬರೆದುಕೊಡಬೇಕು.

ನಡುವಿನ ಹಂತದ ಪ್ರತಿ ಸೆಷನ್ ಒಂದೇ ಪ್ರಶ್ನೆಯಿಂದ ಶುರು: “ಹೋದ ಸಲ ಸಿಕ್ಕಮೇಲೆ ಇಲ್ಲೀವರೆಗೆ ಹೇಗಿತ್ತು?” “ಬೇಜಾರಾಗಿತ್ತು” ಎಂದರೆ ಆ ದಿನ ಏನು ನಡೆಯಿತು ಎಂದು ಕೇಳಬೇಕು. “ನಾದಿನಿ ಬಂದಿದ್ಲು” ಎಂದರೆ ಅವಳು ಬಂದು ಹೋದಮೇಲೆ ಮನಸ್ಸು ಹೇಗಿತ್ತು ಎಂದು ಕೇಳಬೇಕು. ಮನಸ್ಸಿನಿಂದ ಘಟನೆಗೆ, ಘಟನೆಯಿಂದ ಮನಸ್ಸಿಗೆ. ಇಷ್ಟು ಸರಳವಾದದ್ದು ರೆಕಾರ್ಡಿಂಗ್‌ನಲ್ಲಿ ಅರ್ಧಕ್ಕರ್ಧ ಕಾಣೆಯಾಗಿರುತ್ತದೆ. “ಮಾತ್ರೆ ತಗೊಂಡ್ರಾ, ನಿದ್ದೆ ಬಂತಾ” ಎಂಬ ಒಪಿಡಿ ಪ್ರಶ್ನೆಗಳು ಮೊದಲ ಹತ್ತು ನಿಮಿಷ ತಿಂದುಬಿಡುತ್ತವೆ. ಪಿಎಚ್‌ಕ್ಯೂ-9ನ್ನು ಹೊರಗೆ ಕಾಯುವಾಗಲೇ ತುಂಬಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಓದಲು ಬಾರದವರಿಗೆ ನರ್ಸ್ ಓದಿ ಹೇಳಲಿ.

ಒಂದು ಘಟನೆ ಸಿಕ್ಕಮೇಲೆ ಸಂವಾದ ವಿಶ್ಲೇಷಣೆ. ರೋಗಿಗಳು ತೀರ್ಪು ಹೇಳುತ್ತಾರೆ, ನಡೆದದ್ದನ್ನು ಹೇಳುವುದಿಲ್ಲ. “ಅವರು ಯಾವಾಗ್ಲೂ ಹಾಗೇ, ಏನು ಹೇಳಿದ್ರೂ ಅಷ್ಟೇ.” ಇದನ್ನು ಸಿನಿಮಾದ ದೃಶ್ಯದ ಹಾಗೆ ಬಿಡಿಸಬೇಕು, ಯಾರು ಎಲ್ಲಿ ನಿಂತಿದ್ದರು ಎನ್ನುವಷ್ಟು.

“ಗುರುವಾರ ರಾತ್ರಿ ಅಂದ್ರಲ್ಲ, ನೀವೆಲ್ಲಿದ್ರಿ?”
“ಅಡುಗೆಮನೇಲಿ. ಅವರು ಊಟಕ್ಕೆ ಬಂದ್ರು.”
“ಮೊದಲು ಮಾತಾಡಿದ್ದು?”
“ನಾನೇ. ‘ನಿಮಗೇನು, ನಿಮ್ಮ ತಮ್ಮ ಚೆನ್ನಾಗಿದ್ರೆ ಸಾಕು’ ಅಂದೆ.”
“ಅವರ ಮುಖ ನೋಡಿ ಅಂದ್ರಾ?”
“ಇಲ್ಲ. ಪಾತ್ರೆ ತೊಳೀತಿದ್ದೆ.”
“ಅದಕ್ಕವರು?”
“ಏನೂ ಅನ್ಲಿಲ್ಲ. ತಟ್ಟೆ ಬಿಟ್ಟು ಎದ್ದು ಹೋದ್ರು.”
“ಅವರು ಎದ್ದಾಗ ನಿಮಗೇನಾಯ್ತು?”
“ಸಿಟ್ಟು. ಆಮೇಲೆ ಅಳು ಬಂತು.”
“ಅವರಿಗೆ ಏನು ಗೊತ್ತಾಗ್ಬೇಕು ಅಂತ ನಿಮಗಿತ್ತು?”
“ಭಯ ಆಗಿದೆ ಅಂತ. ಮನೆ ಕೈಬಿಟ್ಟು ಹೋಗುತ್ತೇನೋ ಅಂತ.”

ಆಡಿದ ಮಾತಿನಲ್ಲಿ ತಮ್ಮನ ಮೇಲಿನ ಚುಚ್ಚು ಇದೆ, ಭಯ ಎಲ್ಲೂ ಇಲ್ಲ. ಗಂಡ ಕೇಳಿಸಿಕೊಂಡದ್ದು ಚುಚ್ಚನ್ನು. ಈ ವ್ಯತ್ಯಾಸ ರೋಗಿಗೆ ತಾನಾಗಿ ಕಾಣುವ ತನಕ ಚಿಕಿತ್ಸಕರು ಬಾಯಿ ಬಿಡಬಾರದು. ಕಲಿಯುವವರಲ್ಲಿ ಬಹುಮಂದಿ ನಾಲ್ಕನೆಯ ಉತ್ತರಕ್ಕೇ “ಹಾಗೆ ಹೇಳೋ ಬದಲು ನೀವು ಹೀಗೆ ಹೇಳಬಹುದಿತ್ತು” ಎಂದು ಬುದ್ಧಿ ಹೇಳಲು ಹೊರಡುತ್ತಾರೆ. ಬುದ್ಧಿ ಹೇಳುವವರು ಆಕೆಯ ಮನೆಯಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ದಾರಿಗಳ ಹುಡುಕಾಟ. ಏನು ಬೇಕು, ಅದಕ್ಕೆ ಯಾವ ಯಾವ ದಾರಿ, ಪ್ರತಿಯೊಂದರಿಂದ ಏನಾಗಬಹುದು. ನಮ್ಮಲ್ಲಿ ದಾರಿಗಳ ಪಟ್ಟಿಯಲ್ಲಿ ಮೂರನೆಯವರು ಬಂದೇ ಬರುತ್ತಾರೆ: ಸೋದರಮಾವ, ದೊಡ್ಡಪ್ಪ, ಗಂಡನ ಅಕ್ಕ. ನೇರವಾಗಿ ಹೇಳುವುದೇ ಆರೋಗ್ಯ ಎಂದು ಹಟ ಹಿಡಿಯುವ ಅಗತ್ಯವಿಲ್ಲ. ಅತ್ತಿಗೆಯ ಮೂಲಕ ಹೇಳಿಸಿದರೆ ಗಂಡ ಕೇಳುತ್ತಾನೆ ಎಂದಾದರೆ ಅದೂ ಒಂದು ದಾರಿಯೇ. ಅದರ ಸಾಧಕ ಬಾಧಕ ಲೆಕ್ಕ ಹಾಕಿದರಾಯಿತು.

ಒಂದು ದಾರಿ ಆರಿಸಿದಮೇಲೆ ರೋಲ್ ಪ್ಲೇ. ಮೊದಲು ರೋಗಿ ಗಂಡನಾಗಲಿ, ಚಿಕಿತ್ಸಕರು ಆಕೆಯಾಗಲಿ. ಗಂಡ ಹೇಗೆ ಉತ್ತರಿಸುತ್ತಾನೆ ಎಂಬುದು ಆಕೆಗೆ ಗೊತ್ತು, ನಮಗೆ ಗೊತ್ತಿಲ್ಲ. ನಂತರ ಪಾತ್ರ ಅದಲುಬದಲು. ಸಲೀಸಾಗಿ ಒಪ್ಪಿಬಿಡುವ ಗಂಡನನ್ನು ಅಭಿನಯಿಸಿ ಮನೆಗೆ ಕಳಿಸಿದರೆ ಮುಂದಿನ ವಾರ ಸೋತು ಬರುತ್ತಾರೆ. ನಾಚಿಕೆಯಿಂದ ರೋಲ್ ಪ್ಲೇ ತಪ್ಪಿಸಿಕೊಳ್ಳುವವರು ರೋಗಿಗಳಿಗಿಂತ ಚಿಕಿತ್ಸಕರೇ ಹೆಚ್ಚು. “ಟೈಮ್ ಆಗ್ಲಿಲ್ಲ” ಎಂಬ ನೆಪ ಎಲ್ಲ ಸೂಪರ್‌ವೈಸರ್‌ಗಳಿಗೂ ಬಾಯಿಪಾಠ. ಹೊಡೆತ ಇರುವ ಮನೆಗೆ ಇದ್ಯಾವುದೂ ಅನ್ವಯಿಸದು. ಅಲ್ಲಿ ಮೊದಲು ಸುರಕ್ಷತೆ: ಎಲ್ಲಿಗೆ ಹೋಗಬಲ್ಲರು, ಯಾರಿಗೆ ಫೋನ್ ಮಾಡಬಲ್ಲರು, 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿಯ ಸಂರಕ್ಷಣಾಧಿಕಾರಿ. ಎದುರು ಮಾತಾಡುವುದನ್ನು ಕಲಿಸಿ ಆಕೆಯನ್ನು ಪೆಟ್ಟಿಗೆ ಒಡ್ಡಬಾರದು.

ತಕರಾರು ಯಾವ ಹಂತದಲ್ಲಿದೆ ಎಂದು ಮೊದಲೇ ಗುರುತಿಸದಿದ್ದರೆ ಕೆಲಸ ತಲೆಕೆಳಗಾಗುತ್ತದೆ. ಇನ್ನೂ ಜಗಳವಾಡುತ್ತಿರುವವರಿಗೆ ಸಮಾಧಾನ ಬೇಕು. ಮಾತೇ ಬಿಟ್ಟು ಗಟ್ಟಿಯಾದವರಲ್ಲಿ ತಕರಾರನ್ನು ಮತ್ತೆ ಮೇಲೆತ್ತಬೇಕು, ಅಂದರೆ ಕೆಲವು ವಾರ ಜಗಳ ಹೆಚ್ಚಾಗುತ್ತದೆ; ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ಬರುವುದನ್ನೇ ನಿಲ್ಲಿಸುತ್ತಾರೆ. ಮುಗಿದೇಹೋದ ಸಂಬಂಧಕ್ಕೆ ದುಃಖಿಸಲು ಸಹಾಯ ಬೇಕು.

ಪಾತ್ರ ಬದಲಾವಣೆಯಲ್ಲಿ ಎಡವುವುದು ಒಂದೇ ಕಡೆ: ಹೊಸ ಪಾತ್ರದ ಒಳ್ಳೆಯದನ್ನು ತೋರಿಸುವ ಅವಸರ. ನಿವೃತ್ತರಾದ ಮೇಷ್ಟ್ರಿಗೆ ಮೊದಲ ವಾರವೇ “ಈಗ ಆರಾಮಾಗಿ ಮೊಮ್ಮಕ್ಕಳ ಜೊತೆ ಇರಬಹುದಲ್ಲ” ಎಂದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಹಳೆಯ ಪಾತ್ರದಲ್ಲಿ ಏನಿತ್ತು, ಏನು ಕಿರಿಕಿರಿಯಿತ್ತು, ಬಿಟ್ಟು ಬಂದ ದಿನ ಹೇಗೆ ನಡೆಯಿತು, ಯಾರು ಬಂದಿದ್ದರು, ಇಷ್ಟಕ್ಕೆ ಮೂರು ವಾರ ಬೇಕು. ಗಂಡನ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ, ಸ್ವಂತ ಕೆಲಸ ಮಾಡಲು ವೀಸಾ ಬಿಡದೆ ಅಪಾರ್ಟ್‌ಮೆಂಟಿನಲ್ಲಿ ಕೂತ ಎಂಜಿನಿಯರ್ ಹೆಣ್ಣುಮಕ್ಕಳು ವಿಡಿಯೊ ಮೂಲಕ ಕನ್ನಡದಲ್ಲೇ ಥೆರಪಿ ಬಯಸುವುದುಂಟು. ಅಲ್ಲೂ ಇದೇ ಕ್ರಮ. ಆದರೆ ಅಲ್ಲಿನ ಕಾನೂನು ಪ್ರಕಾರ ನಾವು ಚಿಕಿತ್ಸೆ ಕೊಡಬಹುದೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಸಾವಿನ ದುಃಖಕ್ಕೆ ಕಲಿಯುವವರು ಅತಿ ಹೆದರುತ್ತಾರೆ. ಕೆಲಸ ಎಂದರೆ ಸಾವಿನ ಮುಂಚಿನ ದಿನಗಳು, ಆ ದಿನ, ಆಮೇಲಿನ ದಿನಗಳನ್ನು ಗಂಟೆ ಗಂಟೆಯಾಗಿ ಕೇಳುವುದು. ಫೋನ್ ಯಾರು ಮಾಡಿದರು, ಆಸ್ಪತ್ರೆಗೆ ತಲುಪಿದಾಗ ಏನು ಕಂಡಿರಿ, ಕೊನೆಯ ಮಾತು ಏನಿತ್ತು, ದೇಹ ಮನೆಗೆ ತಂದರೇ, ಹದಿಮೂರನೆಯ ದಿನ ಎಲ್ಲಿ ನಡೆಯಿತು, ಬಟ್ಟೆಗಳು ಈಗ ಎಲ್ಲಿವೆ. 2020 ಮತ್ತು 21ರಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವೇ ಇಲ್ಲ: ಮುಖ ನೋಡಿಲ್ಲ, ಹೆಗಲು ಕೊಟ್ಟಿಲ್ಲ, ಕಾರ್ಯ ಮಾಡಿಲ್ಲ. ಅಂಥವರಲ್ಲಿ ಏನು ನಡೆಯಲಿಲ್ಲ ಎಂಬುದನ್ನೇ ಅಷ್ಟೇ ವಿವರವಾಗಿ ಕೇಳಬೇಕಾಗುತ್ತದೆ. ಅಳು ಬಂದಾಗ ಟಿಶ್ಯೂ ಡಬ್ಬ ಮುಂದೆ ತಳ್ಳುವುದೂ, “ಸಮಾಧಾನ ಮಾಡ್ಕೊಳ್ಳಿ” ಅನ್ನುವುದೂ ಅಳು ನಿಲ್ಲಿಸಿ ಎಂಬ ಸೂಚನೆಯೇ. ಡಬ್ಬವನ್ನು ಮೊದಲೇ ಅವರ ಕೈಗೆಟುಕುವಂತೆ ಇಟ್ಟು, ಸುಮ್ಮನೆ ಕೂತಿರಬೇಕು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬ ಸಂಕೋಚ ಇಲ್ಲಿ ದೊಡ್ಡ ಅಡ್ಡಿ. ಐಪಿಟಿಯಲ್ಲಿ ಆ ಸಂಬಂಧದ ಒಳ್ಳೆಯದು ಕೆಟ್ಟದ್ದು ಎರಡೂ ಹೊರಬರಬೇಕು. ಉಗಾಂಡದ ಹಳ್ಳಿಗಳಲ್ಲಿ ಗುಂಪು ಐಪಿಟಿ ಶುರುಮಾಡಿದಾಗಲೂ ಇದೇ ಎದುರಾಗಿ, ಪ್ರಶ್ನೆಯ ರೂಪ ಬದಲಿಸಬೇಕಾಯಿತು. “ಅವರಿದ್ದಾಗ ಆಗದೇ ಉಳಿದಿದ್ದು ಏನಾದ್ರೂ ಇದೆಯಾ? ನಿರಾಸೆ ಆಗಿದ್ದು?” ಎಂದು ಕೇಳಿದರೆ ನಮ್ಮಲ್ಲೂ ದಾರಿ ತೆರೆಯುತ್ತದೆ. ಕುಡುಕ ಗಂಡ ಸತ್ತಾಗ ಒಳಗೊಳಗೆ ಹಗುರವಾದದ್ದನ್ನು ಹೆಂಡತಿ ಬಾಯಿಬಿಟ್ಟು ಹೇಳಿದ ಸೆಷನ್ನಿನ ನಂತರ ಖಿನ್ನತೆಯ ಅಂಕ ಇಳಿಯುವುದು ಅಪರೂಪವಲ್ಲ.

ಸೂಪರ್‌ವಿಷನ್ ವಾರಕ್ಕೊಂದು ಗಂಟೆ. ನೆನಪಿನಿಂದ ಬರೆದ ನೋಟ್ಸ್ ತರುವವರಿಗೆ ಹೆಚ್ಚು ಕಲಿಸಲಾಗದು, ಏಕೆಂದರೆ ನೋಟ್ಸ್‌ನಲ್ಲಿ ಎಲ್ಲರೂ ಒಳ್ಳೆಯ ಚಿಕಿತ್ಸಕರೇ. ರೆಕಾರ್ಡಿಂಗ್‌ನಲ್ಲಿ ಕೇಳುವ ದಾರಿತಪ್ಪು ಮುಖ್ಯವಾಗಿ ಎರಡು. ಸಿಬಿಟಿ ಕಲಿತು ಬಂದವರು “ಆಗ ನಿಮ್ಮ ತಲೆಯಲ್ಲಿ ಯಾವ ಯೋಚನೆ ಬಂತು, ಅದಕ್ಕೆ ಪುರಾವೆ ಏನು” ಎಂದು ಯೋಚನೆಯ ಕಡೆ ಜಾರುತ್ತಾರೆ, ಹೋಮ್‌ವರ್ಕ್ ಹಾಳೆ ಕೊಡುತ್ತಾರೆ. ಮನೋವಿಶ್ಲೇಷಣೆಯ ಕಡೆಯಿಂದ ಬಂದವರು ಬಾಲ್ಯಕ್ಕೆ ಹೋಗುತ್ತಾರೆ, “ನನ್ನಲ್ಲಿ ನಿಮ್ಮ ತಂದೆಯನ್ನು ಕಾಣ್ತಿದ್ದೀರಾ” ಎಂದು ವ್ಯಾಖ್ಯಾನಿಸುತ್ತಾರೆ. ಐಪಿಟಿ ಇರುವುದು ಈ ವಾರದಲ್ಲಿ, ಈ ಮನೆಯಲ್ಲಿ. ಚಿಕಿತ್ಸಕರು ತಟಸ್ಥರಲ್ಲ, ರೋಗಿಯ ಪರ ನಿಂತವರು. ಹೊಸದಾಗಿ ಏನಾದರೂ ಮಾಡಿ ಬಂದರೆ ಬಾಯ್ತುಂಬ ಮೆಚ್ಚಬೇಕು, ಫಲ ಸಿಗದಿದ್ದರೂ.

ಎಂಟನೆಯ ಸೆಷನ್ನಿನ ಹೊತ್ತಿಗೆ ನಿಂತು ಲೆಕ್ಕ ನೋಡಿ. ಪಿಎಚ್‌ಕ್ಯೂ-9ರಲ್ಲಿ 5 ಅಂಕದ ಇಳಿಕೆಯೂ ಇಲ್ಲದಿದ್ದರೆ ಮಾತ್ರೆ ಸೇರಿಸಬೇಕೇ, ಬೈಪೋಲಾರ್ ಇದ್ದದ್ದು ಗಮನಕ್ಕೆ ಬರಲಿಲ್ಲವೇ, ಕುಡಿತ ಮುಚ್ಚಿಟ್ಟಿದ್ದಾರೆಯೇ, ವಲಯದ ಆಯ್ಕೆಯೇ ತಪ್ಪಿತೇ ಎಂದು ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. ವಲಯ ತಪ್ಪಾದದ್ದು ನಾವು ಅಂದುಕೊಳ್ಳುವಷ್ಟು ಸಾಮಾನ್ಯವಲ್ಲ. ಹಿಡಿದ ವಲಯದಲ್ಲಿ ನಿಲ್ಲದೆ ಓಡಾಡಿದ್ದೇ ಹೆಚ್ಚು.

ಮುಕ್ತಾಯದ ಮಾತು ಕೊನೆಯ ಸೆಷನ್ನಿಗಿಂತ ಮೂರು ವಾರ ಮೊದಲೇ ಬರಬೇಕು. “ಇನ್ನು ಮೂರು ಸಲ ಸಿಗ್ತೀವಿ.” ಇದನ್ನು ಕೇಳಿ ಮನಸ್ಸು ಸ್ವಲ್ಪ ಕುಗ್ಗಿದರೆ ಅದು ಅಗಲಿಕೆಯ ಬೇಸರ, ಖಿನ್ನತೆ ಮರುಕಳಿಸಿದ್ದಲ್ಲ ಎಂದು ಬಿಡಿಸಿ ಹೇಳಬೇಕು. ಈ ಘಟ್ಟದಲ್ಲಿ ರೋಗಿಗಿಂತ ಮೊದಲು ಕಲಿಯುವವರೇ ಅಲುಗಾಡಿ, “ಇನ್ನೊಂದು ನಾಲ್ಕು ಸಲ ಬನ್ನಿ” ಅಂದುಬಿಡುತ್ತಾರೆ. ಗುಣವಾದವರಿಗೆ ಹಾಗೆ ಹೇಳಿದರೆ ನೀವು ಇನ್ನೂ ಸರಿಹೋಗಿಲ್ಲ ಎಂದು ಹೇಳಿದಂತೆ. ಹಿಂದೆ ಹಲವು ಸಲ ಮರುಕಳಿಸಿದವರಿಗೆ ಮಾತ್ರ ಮುಂದುವರಿಕೆ ಬೇರೆ ಒಪ್ಪಂದವಾಗಿ ಬೇಕು: 1990ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ಅಧ್ಯಯನದಲ್ಲಿ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು 128 ಜನರನ್ನು ಮೂರು ವರ್ಷ ನೋಡಿದಾಗ ತಿಂಗಳಿಗೊಂದು ಐಪಿಟಿ ಸೆಷನ್ ಮರುಕಳಿಕೆಯನ್ನು ಮುಂದೂಡಿತು, ಪೂರ್ಣ ಪ್ರಮಾಣದ ಮಾತ್ರೆಯಷ್ಟು ಅಲ್ಲದಿದ್ದರೂ. ಗುಣವಾಗದವರಿಗೆ “ಈ ಚಿಕಿತ್ಸೆ ನಿಮಗೆ ಸಾಲಲಿಲ್ಲ, ನೀವು ಸೋಲಲಿಲ್ಲ” ಎಂದು ಹೇಳಿ, ಮುಂದಿನ ದಾರಿಯನ್ನು ಅದೇ ದಿನ ಗೊತ್ತುಮಾಡಿ ಕಳಿಸಬೇಕು. ಎಚ್ಚರಿಕೆಯ ಲಕ್ಷಣಗಳನ್ನು ರೋಗಿಯ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆಸಿ, ಜೊತೆಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416.

ಇಷ್ಟೆಲ್ಲ ಆಗುವುದು 50 ನಿಮಿಷಕ್ಕೆ ಒಂದು ಕೋಣೆ ಸಿಕ್ಕರೆ ತಾನೇ ಎಂದು ಕೇಳುವವರಿರುತ್ತಾರೆ, ನ್ಯಾಯವೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ತಲುಪಿಲ್ಲ. ತಜ್ಞರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಈ ಅಂತರ ತುಂಬಲಾಗದು. ಆದರೆ ಐಪಿಟಿ ಮಡಚಿ ಚಿಕ್ಕದಾಗಬಲ್ಲ ಪದ್ಧತಿ. ಉಗಾಂಡದಲ್ಲಿ 30 ಹಳ್ಳಿಗಳಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವಾರ ತರಬೇತಿ ಪಡೆದ ಸ್ಥಳೀಯರೇ ಗುಂಪು ನಡೆಸಿದರು. ಗಂಡಸರು ಹೆಂಗಸರು ಬೇರೆ ಬೇರೆ, 90 ನಿಮಿಷದ 16 ಭೇಟಿ, ಕೊರತೆಯ ವಲಯ ಬಿಟ್ಟು ಉಳಿದ ಮೂರು ವಲಯ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಗುಂಪು ಕೈಪಿಡಿಯಲ್ಲಿ ಅದು 8 ಭೇಟಿಗೆ ಇಳಿದಿದೆ. ನಮ್ಮ ಪಕ್ಕದ ಗೋವಾದಲ್ಲಿ 2010ರಲ್ಲಿ ಫಲಿತಾಂಶ ಹೊರಬಂದ ಮಾನಸ್ ಪ್ರಯೋಗದಲ್ಲಿ ವೈದ್ಯರಲ್ಲದ ಆಪ್ತಸಲಹೆಗಾರರು ಕೊಟ್ಟ ಸೇವೆಗಳಲ್ಲಿ ಐಪಿಟಿಯೂ ಒಂದು. ಸರ್ಕಾರಿ ಪ್ರಾಥಮಿಕ ಕೇಂದ್ರಗಳಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡವರು ಶೇ 66ರ ಹತ್ತಿರ, ಮಾಮೂಲಿ ಆರೈಕೆಯಲ್ಲಿ ಶೇ 42ರ ಹತ್ತಿರ. ಖಾಸಗಿ ಕ್ಲಿನಿಕ್‌ಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಂಟು ಭೇಟಿಯದನ್ನೇ ಮೊದಲು ಕಲಿಯಲು ಹೊರಡಬೇಡಿ. ಹದಿನಾರರಲ್ಲಿ ವಲಯ ಹಿಡಿದು ನಿಲ್ಲಲು ಬಂದವರಿಗೆ ಮಾತ್ರ ಎಂಟರಲ್ಲಿ ಯಾವುದನ್ನು ಬಿಡಬಹುದು ಎಂದು ತಿಳಿಯುತ್ತದೆ. ಎರಡನೆಯ ಕೇಸನ್ನು ಮೊದಲನೆಯದಕ್ಕಿಂತ ಬೇರೆ ವಲಯದ್ದಾಗಿ ಆರಿಸಿ. ಮೊದಲ ಕೇಸಿನವರಿಗೆ ಒಂದು ತಿಂಗಳು, ಮೂರು ತಿಂಗಳು ಬಿಟ್ಟು ಪಿಎಚ್‌ಕ್ಯೂ-9 ಕೇಳಲು ಫೋನ್ ಮಾಡುವವರು ಯಾರು ಎಂಬುದನ್ನು ಕೊನೆಯ ಸೆಷನ್ನಿನಲ್ಲೇ ಫೈಲಿನಲ್ಲಿ ಬರೆದಿಡಿ. ಬರೆದಿಡದ ಫೋನ್ ಯಾರೂ ಮಾಡುವುದಿಲ್ಲ.